ಎಷ್ಟು ಬಂತು?

ಚಳ್ಳಕೆರೆ ಸೀಮೆಯಲ್ಲಿ ಇಬ್ಬರು ಎದುರುಬದುರಾದರೆ ಹೊರಡುವ ಪ್ರಶ್ನೆಗಳಲ್ಲಿ ಅರ್ಧಪಾಲು ‘ಎಷ್ಟು ಬಂತು?’ ಎಂಬಲ್ಲಿಗೆ ಬಂದು ನಿಲ್ಲುತ್ತವೆ. ರಾತ್ರಿ ಮಳೆ ಎಷ್ಟು ಬಂತು? ಶೇಂಗಾ ಎಕರೆಗೆ ಎಷ್ಟು ಚೀಲ ಬಂತು? ಹೊಸ ಬೋರಿನಲ್ಲಿ ನೀರು ಎಷ್ಟು ಇಂಚು ಬಂತು? ಮಳೆಯೇ ಲೆಕ್ಕ ಹಾಕಿಕೊಂಡು ಬರುವ ನಾಡಿನಲ್ಲಿ ಮನುಷ್ಯರು ಎಲ್ಲವನ್ನೂ ಅಳೆದು ನೋಡುವುದು ಸಹಜವೇ. ಬೀದಿಬೀದಿಗೂ ಕಾರು ಬಂದ ಮೇಲೆ ಈ ಸಾಲಿಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: ‘ಟೈರ್ ಎಷ್ಟು ಬಂತು?’

ಹತ್ತು ಚೀಲ ಶೇಂಗಾ ಬಂದಾಗ ಯಾರ ಕಣ್ಣಾದರೂ ಬಿದ್ದೀತೆಂದು ಏಳು ಎನ್ನುವ ಮನುಷ್ಯನೇ, ಮೂವತ್ತೈದು ಸಾವಿರ ಕಿಲೋಮೀಟರ್ ಓಡಿದ ಟೈರಿಗೆ ಐವತ್ತು ಎನ್ನುತ್ತಾನೆ. ಬೆಳೆಯ ಲೆಕ್ಕದಲ್ಲಿ ಇಳಿಸಿದ್ದು, ಟೈರಿನ ಲೆಕ್ಕದಲ್ಲಿ ಏರಿಸಿದ್ದು ಎರಡನ್ನೂ ಕೂಡಿ ಭಾಗಿಸಿದರೆ ಸತ್ಯ ಸಿಕ್ಕೀತೇನೋ. ಟೀ ಅಂಗಡಿಯ ಮುಂದೆ ಒಮ್ಮೆ ಈ ಹರಾಜು ಕೇಳುತ್ತ ನಿಂತಿದ್ದೆ. ಒಬ್ಬರು ಅರವತ್ತು ಸಾವಿರ ಎಂದರು, ಪಕ್ಕದವರು ಎಪ್ಪತ್ತು ಎಂದರು, ಮೂರನೆಯವರು ಎಂಬತ್ತಾಗಿದೆ, ‘ಇನ್ನೂ ಬಟನ್ ಹಂಗೇ ಐತೆ’ ಎಂದರು. ಕಾರೇ ಇಲ್ಲದ ಟೀ ಅಂಗಡಿಯವನು ಸೋಸುತ್ತಿದ್ದ ಪಾತ್ರೆಯಿಂದ ತಲೆ ಎತ್ತದೆ, ‘ಹಂಗಾದ್ರೆ ಟೈರ್ ಅಂಗಡಿಯೋರ ಮನೇಲಿ ಒಲೆ ಹೆಂಗೆ ಉರೀತೈತೆ?’ ಎಂದ. ಹರಾಜು ಅಲ್ಲಿಗೇ ನಿಂತಿತು.

ತಿಳಿದವರ ಲೆಕ್ಕ ಇಷ್ಟು ಧಾರಾಳವಾಗಿಲ್ಲ. ನಮ್ಮ ದೇಶದ ರಸ್ತೆಗಳಲ್ಲಿ ಮಾಮೂಲಿ ಕಾರಿನ ಟೈರು 40ರಿಂದ 50 ಸಾವಿರ ಕಿಲೋಮೀಟರ್ ಬಂದರೆ ಅದು ಮರ್ಯಾದಸ್ಥರ ಬಾಳು. ಹೊಸ ಟೈರಿನ ಮೇಲೆ ಉಬ್ಬಿಕೊಂಡಿರುವ ಬಟನ್‌ಗಳ ನಡುವಿನ ತೋಡಿನ ಆಳ ಏಳೆಂಟು ಮಿಲಿಮೀಟರ್. ಅದು 1.6 ಮಿಲಿಮೀಟರಿಗೆ ಇಳಿದರೆ ಕಾನೂನಿನ ಕಣ್ಣಲ್ಲಿ ಟೈರು ತೀರಿಕೊಂಡ ಹಾಗೆ. ಅಂದರೆ ನಾವು ಇಷ್ಟೆಲ್ಲ ದುಡ್ಡು ಕೊಟ್ಟು ತರುವುದು ಸುಮಾರು ಆರು ಮಿಲಿಮೀಟರ್ ರಬ್ಬರು. ಒಂದು ಮಧ್ಯಾಹ್ನ, ಕರೆಂಟು ಹೋಗಿದ್ದಾಗ, ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. 165/80 ಅಳತೆಯ, ಹದಿನಾಲ್ಕು ಇಂಚಿನ ಗಾಲಿಗೆ ಕೂರುವ ಟೈರಿನ ಸುತ್ತಳತೆ ಎರಡು ಮೀಟರಿಗೆ ತುಸು ಕಡಿಮೆ. ಕಿಲೋಮೀಟರಿಗೆ ಐನೂರು ಚಿಲ್ಲರೆ ಸುತ್ತು. 45 ಸಾವಿರ ಕಿಲೋಮೀಟರಿಗೆ ಎರಡು ಕೋಟಿ ಮೂವತ್ತು ಲಕ್ಷದ ಆಸುಪಾಸು. ಆರು ಮಿಲಿಮೀಟರನ್ನು ಇಷ್ಟು ಸುತ್ತಿಗೆ ಹಂಚಿದರೆ ಒಂದೊಂದು ಸುತ್ತಿಗೂ ಸವೆಯುವುದು ಒಂದೆರಡು ಪರಮಾಣುವಿನ ದಪ್ಪ! ಎಣ್ಣೆ ಮಿಲ್ಲುಗಳ ಊರಿನಲ್ಲಿ ಹುಟ್ಟಿ ಬೆಳೆದು ಬಗೆಬಗೆಯ ಗುಮಾಸ್ತರನ್ನು ಕಂಡವನು ನಾನು. ಇಷ್ಟು ಹಿಡಿದು ಖರ್ಚು ಮಾಡುವವರನ್ನು ಕಂಡಿರಲಿಲ್ಲ.

ಹೀಗೆ ಪರಮಾಣು ಪರಮಾಣುವಾಗಿ ಉದುರಿಯೂ ಒಂದು ಟೈರು ತನ್ನ ಬಾಳಿನಲ್ಲಿ ಕಿಲೋದಿಂದ ಒಂದೂವರೆ ಕಿಲೋದಷ್ಟು ಇಳಿದುಹೋಗುತ್ತದೆ. ಇಳಿದದ್ದೆಲ್ಲ ರಸ್ತೆಯ ಧೂಳಿಗೆ, ಧೂಳು ಮಳೆನೀರಿಗೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಹೊಳೆಗಳಲ್ಲಿ ಮಳೆ ಬಂದಾಗಲೆಲ್ಲ ಕೋಹೊ ಸಾಲ್ಮನ್ ಮೀನು ಸಾಯುತ್ತಿದ್ದುದಕ್ಕೆ, ರಬ್ಬರು ಬಿರಿಯದಿರಲೆಂದು ಟೈರಿಗೆ ಬೆರೆಸುವ ಒಂದು ರಾಸಾಯನಿಕವೇ ಮೂಲ ಎಂದು 2020ರಲ್ಲಿ ವಿಜ್ಞಾನಿಗಳು ಪತ್ತೆ ಮಾಡಿದರು. ನಮ್ಮ ವೇದಾವತಿಯಲ್ಲಿ ಮೀನಿನ ಮಾತಿರಲಿ, ನೀರನ್ನೇ ಹುಡುಕಿಕೊಂಡು ಹೋಗಬೇಕು. ಆದರೂ ಹೆದ್ದಾರಿಯ ಅಂಚಿನಲ್ಲಿ ಒಣಗಲು ಹರವಿದ ಹುರುಳಿ ಕಂಡಾಗ ಆ ಒಂದೂವರೆ ಕಿಲೋ ನೆನಪಾಗದೆ ಇರುವುದಿಲ್ಲ.

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗಬೇಕೆಂದರೆ ಬಳ್ಳಾರಿ ದಾರಿ ಹಿಡಿಯಬೇಕು. ಈಗ ಅದಕ್ಕೆ ರಾಷ್ಟ್ರೀಯ ಹೆದ್ದಾರಿ 150ಎ ಎಂಬ ಬಿರುದು. ತ.ರಾ.ಸು. ಅವರ ಹೆಸರಿನ ಮೊದಲ ಅಕ್ಷರದಲ್ಲಿ ಕೂತಿರುವ ತಳುಕನ್ನು ದಾಟಿ, ಬಿ.ಜಿ. ಕೆರೆ ದಾಟಿ, ಹಾನಗಲ್ಲಿನಲ್ಲಿ ಬಲಕ್ಕೆ ಹೊರಳಿದರೆ ಮೊಳಕಾಲ್ಮೂರು. ಹಾಗೇ ಮುಂದೆ ಹೋದರೆ ರಾಯದುರ್ಗ, ಆಂಧ್ರ. ಅಲ್ಲಿಯೂ ಇದೇ ಪ್ರಶ್ನೆ, ತೆಲುಗಿನಲ್ಲಿ. ನನ್ನ ಅಕ್ಕನನ್ನು ಮೊಳಕಾಲ್ಮೂರಿಗೆ ಕೊಟ್ಟಿರುವುದರಿಂದ ಈ ದಾರಿ ನನಗೂ ನನ್ನ ಟೈರುಗಳಿಗೂ ಚೆನ್ನಾಗಿ ಗೊತ್ತು. ಹೆಚ್ಚಿನ ದಾರಿ ನೇರ. ಎರಡೂ ಕಡೆ ಬಯಲು, ನಡುನಡುವೆ ಬಂಡೆಗಲ್ಲಿನ ಗುಡ್ಡ, ಗುಡ್ಡದ ಮೇಲೆ ಗಾಳಿಯಂತ್ರ.

ಟೈರಿಗೆ ಇದು ಒಳ್ಳೆಯ ದಾರಿ ಎನ್ನಬೇಕು. ಏಕೆಂದರೆ ಟೈರು ಉರುಳುವುದರಿಂದ ಸವೆಯುವುದು ಕಡಿಮೆ, ಜಾರುವುದರಿಂದ ಸವೆಯುವುದೇ ಹೆಚ್ಚು. ಬ್ರೇಕು ಹಾಕಿದಾಗ, ಎಕ್ಸಿಲೇಟರ್ ತುಳಿದಾಗ, ಸ್ಟೀರಿಂಗ್ ತಿರುವಿದಾಗ ರಬ್ಬರು ನೆಲವನ್ನು ಹಿಡಿದುಕೊಂಡೇ ಸ್ವಲ್ಪ ಸ್ವಲ್ಪ ಜಾರುತ್ತಿರುತ್ತದೆ. ನಮಗೆ ಕಾಣುವುದಿಲ್ಲ, ಅಷ್ಟೆ. ಅದೇ ತಿರುವನ್ನು ದುಪ್ಪಟ್ಟು ವೇಗದಲ್ಲಿ ತೆಗೆದುಕೊಂಡರೆ ಟೈರಿನ ಮೇಲೆ ಬೀಳುವ ಅಡ್ಡಬಲ ದುಪ್ಪಟ್ಟಲ್ಲ, ನಾಲ್ಕು ಪಟ್ಟು. ಆದ್ದರಿಂದ ಆಗುಂಬೆ ಘಾಟಿಯಲ್ಲಿ ದಿನಾ ಹತ್ತಿಳಿಯುವ ಕಾರಿಗಿಂತ ನಮ್ಮ ಬಯಲುಸೀಮೆಯ ಕಾರಿನ ಟೈರು ಹೆಚ್ಚು ಕಾಲ ಬಾಳಬೇಕು.

ಬಾಳಬೇಕು ನಿಜ, ಆದರೆ ನಡುವೆ ಊರುಗಳಿವೆ, ಊರಿಗೊಂದು ಉಬ್ಬು ಇದೆ. ಪಂಚಾಯಿತಿಗೆ ಬೇರೆ ಯಾವ ಅಧಿಕಾರ ಇದೆಯೋ ಇಲ್ಲವೋ, ದೊಡ್ಡ ದೊಡ್ಡವರ ಕಾರನ್ನೂ ತನ್ನ ಊರ ಬಾಗಿಲಲ್ಲಿ ಒಮ್ಮೆ ತಲೆ ಬಾಗಿಸುವ ಅಧಿಕಾರವಂತೂ ಇದೆ. ಅಡ್ಡರಸ್ತೆಗಿಳಿದರೆ ಈ ಉಬ್ಬುಗಳಿಗೆ ಬಣ್ಣವೂ ಇಲ್ಲ, ಫಲಕವೂ ಇಲ್ಲ. ನೂರಡಿ ದೂರದಲ್ಲಿ ಅದು ಕಂಡು, ಕಾಲು ಬ್ರೇಕಿನ ಮೇಲೆ ನಿಂತು, ದಾಟಿದ ಮೇಲೆ ಕಳೆದುಹೋದ ಮಾನವನ್ನು ಮರಳಿ ಪಡೆಯಲೆಂಬಂತೆ ಎಕ್ಸಿಲೇಟರ್ ಒತ್ತುವುದರಲ್ಲಿ ಟೈರಿನ ಆಯಸ್ಸಿನ ಒಂದು ಪಾಲು ಅಲ್ಲಿಯೇ ಹೋಯಿತು. ಸುಗ್ಗಿಯಲ್ಲಿ ಒಕ್ಕಣೆ ಬೇರೆ. ಹುರುಳಿ, ಸಜ್ಜೆ, ನವಣೆ ಎಲ್ಲವನ್ನೂ ಟಾರು ರಸ್ತೆಗೆ ಹರವಿ, ಹೋಗಿಬರುವ ಗಾಡಿಗಳಿಂದಲೇ ಬಡಿಸಿಕೊಳ್ಳುವುದು ನಮ್ಮಲ್ಲಿ ಹಳೆಯ ಜಾಣತನ. ಟೈರಿಗೆ ಇದರಿಂದ ಅಂಥ ಸವಕಳಿಯೇನೂ ಇಲ್ಲ. ಒಣಸೊಪ್ಪಿನ ಮೇಲೆ ಬ್ರೇಕು ಹಿಡಿಯದೆ ಜಾರಿ ಹೋಗುವ ಅಪಾಯ ಮಾತ್ರ ಇದೆ. ರೋಣಗಲ್ಲಿನ ಕೆಲಸವನ್ನು ಕೂಲಿಯಿಲ್ಲದೆ ಮಾಡಿಕೊಟ್ಟದ್ದಕ್ಕೆ ಯಾವ ರೈತನೂ ನನಗೆ ಇದುವರೆಗೆ ಒಂದು ಸೇರು ಹುರುಳಿ ಅಳೆದಿಲ್ಲ.

ಇನ್ನು ಬಳ್ಳಾರಿ ಜಾಲಿ. ನಮ್ಮ ಸೀಮೆಯಲ್ಲಿ ಬರಕ್ಕೆ ಹೆದರದ ಪ್ರಾಣಿ ಇದೊಂದೇ. ಸೌದೆಗೆ ಆಗುತ್ತದೆ, ಬೇಲಿಗೆ ಆಗುತ್ತದೆ, ಇದ್ದಿಲಿಗೆ ಆಗುತ್ತದೆ, ಪಂಕ್ಚರ್ ಅಂಗಡಿಗೂ ಆಗುತ್ತದೆ. ಹೊಲದ ಕಡೆಯ ಮಣ್ಣುದಾರಿಗೆ ಕಾರು ಇಳಿಸಿದರೆ ಇದರ ಮುಳ್ಳು ಟೈರಿನ ತೋಡಿನೊಳಗೆ ನೆಟ್ಟು, ತುದಿ ಮುರಿದು, ಒಳಗೇ ಉಳಿಯುತ್ತದೆ. ಟ್ಯೂಬ್‌ಲೆಸ್ ಟೈರಾದರೆ ಗಾಳಿ ಒಂದೇ ಸಲ ಹೋಗುವುದಿಲ್ಲ. ದಿನಕ್ಕಿಷ್ಟು ಎಂದು ಇಳಿಯುತ್ತದೆ. ನಾವು ಬೇರೆ ಯಾವುದರದೋ ತಪ್ಪೆಂದುಕೊಂಡು ಗಾಳಿ ತುಂಬಿಸುತ್ತ ತಿಂಗಳು ಕಳೆಯುತ್ತೇವೆ.

ಈ ಜಾಲಿಯ ದಾಯಾದಿಗಳು ಅಮೆರಿಕದ ಟೆಕ್ಸಾಸಿನ ಬಯಲಿನಲ್ಲಿಯೂ ಇದ್ದಾರೆ, ಅಲ್ಲಿ ಮೆಸ್ಕೀಟ್ ಎನ್ನುತ್ತಾರೆ. ಅದೇ ಬಯಲಿನ ಸ್ಯಾನ್ ಆಂಜೆಲೊ ಎಂಬ ಊರಿನ ಸುತ್ತ ಟೈರುಗಳ ಪರೀಕ್ಷೆಗೆಂದೇ ಗೊತ್ತುಮಾಡಿದ ಒಂದು ಸುತ್ತುದಾರಿ ಇದೆ. ಸುತ್ತಿಗೆ ಸುಮಾರು 640 ಕಿಲೋಮೀಟರ್. ಅಲ್ಲಿ ಕಾರುಗಳನ್ನು ಮೆರವಣಿಗೆಯಂತೆ ಸಾಲಾಗಿ ಹನ್ನೊಂದೂವರೆ ಸಾವಿರ ಕಿಲೋಮೀಟರ್ ಓಡಿಸಿ, ಹೊಸ ಟೈರು ಎಷ್ಟು ಸವೆಯಿತೆಂಬುದನ್ನು ಒಂದು ಮಾದರಿ ಟೈರಿನ ಸವಕಳಿಗೆ ತಾಳೆ ಹಾಕಿ ಅಂಕ ಕೊಡುತ್ತಾರೆ. ಮಾದರಿಗೆ 100 ಆದರೆ, 200 ಅಂಕದ ಟೈರು ಆ ದಾರಿಯಲ್ಲಿ ಅದರ ಎರಡರಷ್ಟು ಬಂದೀತು ಎಂದರ್ಥ. ‘ಆ ದಾರಿಯಲ್ಲಿ’ ಎಂಬುದನ್ನು ಮರೆಯಬಾರದು. ಬಿಸಿಲಿದೆ, ಬಯಲಿದೆ, ಜಾಲಿಯೂ ಇದೆ, ಹಾಗಾದರೆ ಆ ಪರೀಕ್ಷೆಯನ್ನು ಚಳ್ಳಕೆರೆಯಲ್ಲೇ ಇಡಬಹುದಿತ್ತಲ್ಲ ಎಂದು ನನಗೊಂದು ಅಸೂಯೆ. ಆದರೆ ಮೊದಲ ಊರಿನ ಉಬ್ಬಿಗೇ ಅಮೆರಿಕದವರ ಮೆರವಣಿಗೆ ಒಂದರ ಹಿಂದೆ ಒಂದು ಗುದ್ದಿಕೊಂಡು ನಿಲ್ಲುತ್ತಿತ್ತು.

ಗಾಳಿಯ ಮಾತಿಗೆ ಬಂದರೆ, ಟೈರಿನ ಆಯಸ್ಸನ್ನು ಹೆಚ್ಚಿಸುವ ಔಷಧಗಳಲ್ಲಿ ಅತಿ ಅಗ್ಗದ್ದು ಗಾಳಿ. ಅದಕ್ಕೇ ಇರಬೇಕು, ಅದಕ್ಕೆ ಬೆಲೆಯಿಲ್ಲ. ಎಷ್ಟು ಗಾಳಿ ಬೇಕೆಂಬುದನ್ನು ಕಾರು ಮಾಡಿದವರೇ ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಚೀಟಿ ಅಂಟಿಸಿ ಹೇಳಿರುತ್ತಾರೆ. ನನ್ನ ಭಾವನವರು ಆ ಚೀಟಿಯನ್ನು ಇದುವರೆಗೆ ಓದಿಲ್ಲ. ಅವರದು ಒದ್ದು ನೋಡುವ ಪದ್ಧತಿ. ಹೊರಡುವ ಮುಂಚೆ ನಾಲ್ಕೂ ಟೈರಿಗೆ ಒಂದೊಂದು ಒದೆ. ಸದ್ದು ಕೇಳಿ ತಲೆದೂಗಿ, ‘ಗಾಳಿ ಐತೆ, ನಡಿ’ ಎನ್ನುತ್ತಾರೆ. ಮೂವತ್ಮೂರು ಪಿಎಸ್‌ಐ ಇರಬೇಕಾದಲ್ಲಿ ಇಪ್ಪತ್ತೈದಿದ್ದರೂ ಟೈರು ಅದೇ ಸದ್ದು ಮಾಡುತ್ತದೆ. ಒದೆ ತಿಂದವರು ಯಾರಾದರೂ ಲೆಕ್ಕ ಸರಿಯಾಗಿ ಹೇಳಿದ್ದುಂಟೆ? ‘ಎತ್ತಿನ ಹಲ್ಲು ನೋಡಿ ಕೊಂಡ್ಕೊಂಬರೋ ಮನೆತನದೋರು, ಕಾರಿಗೆ ಒದೀತಾರೆ’ ಎಂದು ನನ್ನಕ್ಕ ಒಳಗಿನಿಂದಲೇ ಹೇಳುತ್ತಾಳೆ.

ಏನೂ ಮಾಡದೆ ನಿಂತ ಟೈರು ಕೂಡ ತಿಂಗಳಿಗೆ ಒಂದು ಪಿಎಸ್‌ಐಯಷ್ಟು ಗಾಳಿಯನ್ನು ರಬ್ಬರಿನ ಮೂಲಕವೇ ಬಿಟ್ಟುಕೊಡುತ್ತದೆ. ಬಿಸಿಲಿನ ಆಟ ಬೇರೆ. ಐದಾರು ಡಿಗ್ರಿ ಬಿಸಿ ಏರಿದರೆ ಒಂದು ಪಿಎಸ್‌ಐ ಏರುತ್ತದೆ. ಏಪ್ರಿಲ್ ಮಧ್ಯಾಹ್ನ, ನಲವತ್ತರ ಹತ್ತಿರದ ಬಿಸಿಲಲ್ಲಿ ಬಳ್ಳಾರಿಯಿಂದ ಓಡಿಸಿಕೊಂಡು ಬಂದು ಬಂಕಿನಲ್ಲಿ ನೋಡಿಸಿದರೆ ಮೀಟರು ಹೆಚ್ಚೇ ತೋರಿಸುತ್ತದೆ. ‘ಜಾಸ್ತಿ ಐತೆ ಸಾರ್’ ಎಂದು ಹುಡುಗ ಬುಸ್ಸೆನ್ನಿಸಿ ಇಳಿಸುತ್ತಾನೆ. ಬೆಳಗಿನ ಜಾವಕ್ಕೆ ಆರಿದ ಟೈರಿನಲ್ಲಿ ಇರಬೇಕಾದ್ದಕ್ಕಿಂತ ಕಡಿಮೆ ಉಳಿದಿರುತ್ತದೆ. ತಣ್ಣಗಿರುವಾಗ, ಮನೆಯಿಂದ ಹೊರಟು ಎರಡು ಮೂರು ಕಿಲೋಮೀಟರಿನೊಳಗೆ ನೋಡಿಸಬೇಕೆಂಬುದೇ ನಿಯಮ. ದೊಡ್ಡ ಊರುಗಳಲ್ಲಿ ಈಗ ನೈಟ್ರೋಜನ್ ತುಂಬಿ ಹಸಿರು ಮುಚ್ಚಳ ಹಾಕಿ ದುಡ್ಡು ಕೇಳುತ್ತಾರೆ. ಅದರಿಂದ ಕೆಡುಕೇನೂ ಇಲ್ಲ. ಆದರೆ ಪುಕ್ಕಟೆ ಗಾಳಿಯಲ್ಲಿಯೂ ನೂರಕ್ಕೆ 78 ಪಾಲು ನೈಟ್ರೋಜನ್ನೇ ಇರುವಾಗ, ಉಳಿದ 22ಕ್ಕೆ ದುಡ್ಡು ಕೊಡಲು ಚಳ್ಳಕೆರೆಯ ಮನಸ್ಸು ಒಪ್ಪುವುದಿಲ್ಲ.

ನಮ್ಮ ಪಂಕ್ಚರ್ ಅಂಗಡಿಯ ಸಾಬರು ಹೆಚ್ಚು ಮಾತಾಡುವವರಲ್ಲ. ಟೈರು ಬಿಚ್ಚಿ, ಮೈಮೇಲೆ ಅಂಗೈ ಆಡಿಸುತ್ತಾರೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದು. ನಡು ಸವೆದಿದ್ದರೆ ಹೆಚ್ಚು ಇಟ್ಟು ಓಡಿಸಿದ್ದು. ಒಳಮಗ್ಗುಲು ಮಾತ್ರ ಬೋಳಾಗಿದ್ದರೆ ಗಾಲಿ ವಾಲಿಕೊಂಡಿದೆ. ಅಂಗೈ ಒಂದು ಕಡೆ ಸರಿದಾಗ ನುಣುಪು, ಹಿಂದಕ್ಕೆ ಎಳೆದಾಗ ಗರಗಸದಂತೆ ತಗುಲಿದರೆ ಎರಡು ಗಾಲಿಗಳ ಮೂಗು ಒಂದೇ ದಿಕ್ಕಿಗಿಲ್ಲ, ಅಲೈನ್‌ಮೆಂಟ್ ಮಾಡಿಸಬೇಕು. ಅಲ್ಲಲ್ಲಿ ಹಳ್ಳ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆ, ಇಲ್ಲವೆ ಬ್ಯಾಲೆನ್ಸಿಂಗ್ ತಪ್ಪಿದೆ. ಇಷ್ಟನ್ನು ಅವರು ಟೈರಿಗೆ ಹೇಳುತ್ತಾರೆ, ನಮಗಲ್ಲ. ನಮ್ಮ ಕಡೆ ಒಂದು ಸಲ ನೋಡುತ್ತಾರೆ, ಅಷ್ಟೆ. ಅವರ ಆ ನೋಟದಲ್ಲಿ ನಮ್ಮ ಆತುರ, ನಮ್ಮ ಸೋಮಾರಿತನ, ಕಳೆದ ನಾಯಕನಹಟ್ಟಿ ಜಾತ್ರೆಗೆ ಐದು ಜನರ ಕಾರಿನಲ್ಲಿ ಎಷ್ಟು ಜನ ಹೋಗಿದ್ದೆವು ಎಂಬುದೆಲ್ಲ ಸೇರಿರುತ್ತದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ನಮ್ಮ ಕಡೆಯ ಎಲ್ಲರ ಬಾಯಲ್ಲೂ ಇದೆ, ಎಷ್ಟೋ ಲಾರಿಗಳ ಹಣೆಯ ಮೇಲೂ ಇದೆ. ಅದೇ ಲಾರಿಯ ಟೈರನ್ನು ನೋಡಿದರೆ ಮಾಲೀಕ ಏನು ಮಾಡಿದ್ದಾನೆ, ಏನು ಮಾಡಿಲ್ಲ ಎಂಬುದು ಅದಕ್ಕಿಂತ ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ.

ಮುಂದಿನ ಗಾಲಿಗಳೇ ಎಳೆಯುವ ಈಗಿನ ಕಾರುಗಳಲ್ಲಿ ಎಳೆಯುವುದು, ತಿರುಗುವುದು, ಬ್ರೇಕಿನ ದೊಡ್ಡ ಪಾಲು ಹೊರುವುದು ಎಲ್ಲ ಮುಂದಿನ ಎರಡು ಟೈರುಗಳ ಪಾಲು. ಹಿಂದಿನವು ಬೀಗರ ಮನೆಗೆ ಬಂದವರ ಹಾಗೆ ಜೊತೆಗೆ ಉರುಳುತ್ತವೆ. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಅದಲುಬದಲು ಮಾಡಿದರೆ ನಾಲ್ಕೂ ಸಮನಾಗಿ ಸವೆಯುತ್ತವೆ. ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಯದು ಮಾತ್ರ ಬೇರೆಯೇ ಕತೆ: ಓಡದೆಯೂ ಅದಕ್ಕೆ ವಯಸ್ಸಾಗುತ್ತಿರುತ್ತದೆ.

ಈ ವಯಸ್ಸನ್ನು ಓದಲು ಒಂದು ಶಾಸನ ಇದೆ. ಶಾಸನಗಳ ವಿಷಯದಲ್ಲಿ ಮೊಳಕಾಲ್ಮೂರಿನವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಅಶೋಕನ ಶಾಸನಗಳು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂದು ಒಂದೇ ತಾಲ್ಲೂಕಿನಲ್ಲಿ ಮೂರು ಕಡೆ ಇವೆ. ಕುರಿ ಕಾಯುವವರು ಆ ಬಂಡೆಗಳ ಮೇಲೆ ಕೂತು ಎದ್ದು ಎರಡು ಸಾವಿರ ವರ್ಷ ಕಳೆದ ಮೇಲೆ, 1892ರಲ್ಲಿ ಬಿ.ಎಲ್. ರೈಸ್ ಅವು ಏನೆಂದು ಗುರುತಿಸಿದರು. ಬರಹವೆಲ್ಲ ಬ್ರಾಹ್ಮಿಯಲ್ಲಿದ್ದರೆ, ಅದನ್ನು ಬರೆದ ಚಪಡ ಎಂಬ ಲಿಪಿಕಾರ ತಾನು ಲಿಪಿಕಾರನೆಂಬುದನ್ನು ಮಾತ್ರ ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಬರೆದುಬಿಟ್ಟಿದ್ದಾನೆ. ಈ ಸೀಮೆಯಲ್ಲಿ ಆಗ ಅದನ್ನು ಓದಬಲ್ಲವರು ಅವನೊಬ್ಬನೇ ಇದ್ದಿರಬೇಕು. ಟೈರಿನ ಮಗ್ಗುಲಲ್ಲಿಯೂ ಅಂಥ ಒಬ್ಬ ಚಪಡ ಇದ್ದಾನೆ. ಕಂಪನಿಯ ಹೆಸರನ್ನು ಹಳ್ಳಿಗೇ ಕಾಣುವಂತೆ ಬರೆದು, ಬೇಕಾದ್ದನ್ನೆಲ್ಲ ಸಣ್ಣ ಅಕ್ಷರದಲ್ಲಿ ಗುಟ್ಟಾಗಿ ಕೊರೆದಿರುತ್ತಾನೆ.

165/80 ಆರ್14 85ಟಿ ಎಂದಿದ್ದರೆ ಅಗಲ 165 ಮಿಲಿಮೀಟರ್, ಮಗ್ಗುಲಿನ ಎತ್ತರ ಅಗಲದ ನೂರಕ್ಕೆ 80, ಗಾಲಿ 14 ಇಂಚು. 85 ಎಂದರೆ ಒಂದು ಟೈರು ಹೊರಬಹುದಾದ ಭಾರ 515 ಕಿಲೋ, ಟಿ ಎಂದರೆ ಗಂಟೆಗೆ 190 ಕಿಲೋಮೀಟರ್ ತನಕ ತಡೆದೀತು. ತಡೆದೀತು ಎಂದದ್ದು ಟೈರಿನ ಮಾತು, ಹಿಂದಿನ ಸೀಟಿನಲ್ಲಿ ಕೂತ ನನ್ನಕ್ಕನದಲ್ಲ. ಮಗ್ಗುಲಿನ ಒಂದು ಮೊಟ್ಟೆಯಾಕಾರದ ಮನೆಯೊಳಗೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದ ಕೂಸು ಎಂದರ್ಥ. ಅಂಗಡಿಯಲ್ಲಿ ಕೊಳ್ಳುವಾಗಲೇ ಅದನ್ನು ನೋಡಬೇಕು. ನಾವು ಟೈರಿನ ಮುಂದೆ ಮಂಡಿಯೂರಿ ಕೂರುವುದು ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ. ಅಂದು ಅರಿಶಿನ ಕುಂಕುಮವನ್ನು ಸರಿಯಾಗಿ ಆ ನಾಲ್ಕು ಅಂಕಿಯ ಮೇಲೇ ಬಳಿಯುತ್ತೇವೆ. ನಾಲ್ಕು ನಿಂಬೆಹಣ್ಣು ಇಟ್ಟು ಹತ್ತಿಸಿ ಹೊರಡುತ್ತೇವೆ. ತೋಡುಗಳೊಳಗೆ ಅಲ್ಲಲ್ಲಿ ಅಡ್ಡಡ್ಡ ಪುಟ್ಟ ದಿಣ್ಣೆಗಳಿರುತ್ತವೆ, 1.6 ಮಿಲಿಮೀಟರ್ ಎತ್ತರದವು. ಬಟನ್ ಸವೆದು ಆ ದಿಣ್ಣೆಗೆ ಸಮನಾದರೆ ಟೈರು ಮುಗಿಯಿತು. ನಿಂಬೆಹಣ್ಣು ಇಡಲು ಬಗ್ಗಿದಾಗಲೇ ಒಂದು ಬೆರಳು ಹಾಕಿ ನೋಡಿದರೆ ದೇವಿ ಬೇಡವೆನ್ನಲಾರಳು.

ಅಂಕಿ ಯಾಕೆ ಮುಖ್ಯ ಎಂದರೆ, ರಬ್ಬರು ಓಡದಿದ್ದರೂ ಮುಪ್ಪಾಗುತ್ತದೆ. ಬಿಸಿಲು ಮತ್ತು ಗಾಳಿಯಲ್ಲಿನ ಓಜೋನು ಎರಡೂ ಸೇರಿ ಅದರ ಮೈಯನ್ನು ಗಡುಸು ಮಾಡಿ, ಬಿರುಕು ಬಿಡಿಸುತ್ತವೆ. ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟರೊಬ್ಬರಿದ್ದಾರೆ. ಅವರ ಕಾರು ಹಬ್ಬಕ್ಕೊಮ್ಮೆ ಗುಡಿಗೆ ಹೋಗಿ ಬರುತ್ತದೆ, ಉಳಿದಂತೆ ಗೇಟಿನೊಳಗೆ ಬಿಸಿಲು ಕಾಯಿಸುತ್ತದೆ. ‘ನೋಡಿ, ಹನ್ನೊಂದು ವರ್ಷವಾದರೂ ಟೈರಿನ ಬಟನ್ ಹೊಸದರ ಹಾಗಿದೆ’ ಎಂದು ತೋರಿಸುತ್ತಾರೆ. ಬಟನ್ ನಿಜಕ್ಕೂ ಹಾಗೇ ಇದೆ. ಮಗ್ಗುಲು ಮಾತ್ರ ಬತ್ತಿದ ಕೆರೆಯ ಅಂಗಳದಂತೆ ಬಿರಿದಿದೆ. ಐದಾರು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಬೇಕು, ಹತ್ತಾದರೆ ಬಟನ್ ಎಷ್ಟೇ ಇರಲಿ ತೆಗೆಯಬೇಕು ಎನ್ನುತ್ತಾರೆ ಟೈರು ಮಾಡುವವರು. ಮೇಷ್ಟರಿಗೆ ಇದನ್ನು ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ಅವರು ನನಗೆ ಗಣಿತ ಕಲಿಸಿದವರು.

ಭಾವನವರದು ಸೀರೆ ವ್ಯಾಪಾರ. ಮೊಳಕಾಲ್ಮೂರು ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದಕ್ಕೂ ಬಹಳ ಮೊದಲಿನಿಂದ, ಅದು ಸಿಗಬೇಕಾಗಿದ್ದೇ ಎಂಬ ಠೀವಿಯಲ್ಲಿ ಇರುವವರು ಅವರು. ಒಮ್ಮೆ ಸಾಬರ ಅಂಗಡಿಯಲ್ಲಿ ಹರಿದ ಟೈರೊಂದು ಬಿದ್ದಿತ್ತು. ಒಳಗಿನಿಂದ ಎಳೆಗಳು ಇಣುಕುತ್ತಿದ್ದವು. ಭಾವನವರು ಬಗ್ಗಿ ಒಂದು ಎಳೆ ಜಗ್ಗಿ, ಹೊಸೆದು ನೋಡಿ, ‘ಬಟ್ಟೆ ಐತಲ್ಲೋ ಒಳಗೆ!’ ಎಂದರು. ಟೈರೆಂದರೆ ಬರೀ ರಬ್ಬರೆಂದೇ ಎಲ್ಲರ ಎಣಿಕೆ. ಭಾರ ಹೊರುವುದು ಒಳಗಿನ ಬಟ್ಟೆ, ರಬ್ಬರು ಅದಕ್ಕೆ ಹೊದಿಕೆ. ಆ ಬಟ್ಟೆ ಪಾಲಿಯೆಸ್ಟರ್ ಎಂದು ನಾನು ಹೇಳಿದಾಗ ಭಾವನವರು ಎಳೆಯನ್ನು ಕೈಬಿಟ್ಟು ಬೆರಳು ಒರೆಸಿಕೊಂಡರು. ಹಳೆಯ ಮಾದರಿಯ ಟೈರಿನಲ್ಲಿ ಈ ಎಳೆಗಳು ಓರೆಯಾಗಿ ಒಂದರ ಮೇಲೊಂದು ಹಾಯುತ್ತಿದ್ದವು. ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲಿ ರೇಡಿಯಲ್ ಎಂಬುದನ್ನು ರೂಪಿಸಿತು. ಅದರಲ್ಲಿ ಎಳೆಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ ಹಾಯುತ್ತವೆ, ಮೇಲೆ ಉಕ್ಕಿನ ತಂತಿಯ ಪಟ್ಟಿ ಬಿಗಿದಿರುತ್ತದೆ. ಮಗ್ಗುಲು ಸುಲಭವಾಗಿ ಬಾಗುತ್ತದೆ, ನೆಲಕ್ಕೆ ತಾಗುವ ಭಾಗ ಅಲುಗದೆ ಕೂರುತ್ತದೆ, ಬಿಸಿ ಕಡಿಮೆ, ಜಾರಾಟ ಕಡಿಮೆ, ಆದ್ದರಿಂದ ಸವಕಳಿಯೂ ಕಡಿಮೆ. ಟೈರಿನ ಬಟ್ಟೆಯಲ್ಲಿ ಹಾಸು ಎಳೆಯೇ ಎಲ್ಲ; ಹೊಕ್ಕು ಎಂಬುದು ಎಳೆಗಳು ಚೆದುರದ ಹಾಗೆ ಹಿಡಿದಿಡಲು ಅಲ್ಲೊಂದು ಇಲ್ಲೊಂದು. ಇಷ್ಟನ್ನೂ ಕೇಳಿದ ಭಾವನವರ ತೀರ್ಪು: ‘ಹಾಸು ಐತೆ, ಹೊಕ್ಕೇ ಇಲ್ಲ. ಇದನ್ನ ಯಾವನಾದ್ರೂ ನನ್ನ ಅಂಗಡಿಗೆ ತಂದಿದ್ರೆ ಮೆಟ್ಟಿಲಿಂದಲೇ ಇಳಿಸಿ ಕಳಿಸ್ತಿದ್ದೆ.’

ಅವರಿಗೆ ಇಷ್ಟವಾಗಿದ್ದ ಟೈರೊಂದೇ, ಮೈಸೂರಿನ ವಿಕ್ರಾಂತ್. ನಮ್ಮ ರಾಜ್ಯದಲ್ಲೇ ಹುಟ್ಟಿದ ಟೈರೆಂಬ ಅಭಿಮಾನ. 1997ರಲ್ಲಿ ಅದನ್ನು ಜೆಕೆ ಟೈರ್ ಕೊಂಡಿತು ಎಂಬುದನ್ನು ಅವರು ಇನ್ನೂ ಮನಸ್ಸಿಗೆ ಹಾಕಿಕೊಂಡಿಲ್ಲ. ಮೈಸೂರು, ಶ್ರೀರಂಗಪಟ್ಟಣ, ನಾಗಮಂಗಲ, ಹುಳಿಯಾರು, ಹಿರಿಯೂರು, ಚಳ್ಳಕೆರೆ: ಎಲ್ಲ ಇದೇ 150ಎ ಹೆದ್ದಾರಿಯ ಮಣಿಗಳು. ಅಂದರೆ ಅಲ್ಲಿ ಹುಟ್ಟಿದ ಟೈರು ಬೇರೆ ರಸ್ತೆಯ ಮುಖವನ್ನೇ ನೋಡದೆ ಚಳ್ಳಕೆರೆ ಸೇರಬಹುದು.

ಊರಾಚೆ, ಹುಲ್ಲುಗಾವಲಿನ ಕಾವಲುಗಳ ಕಡೆ, ಟೈರಿನ ಬಾಳಿಗೆ ಬೇರೆಯೇ ಅಳತೆ ಇದೆ. ಅಲ್ಲಿ ರಕ್ಷಣಾ ಸಂಶೋಧನೆಯವರ ವಿಮಾನ ಪರೀಕ್ಷಾ ನೆಲೆ ಇದೆ. 2024ರ ಜೂನ್ 23ರ ಬೆಳಿಗ್ಗೆ ಇಸ್ರೋದವರ ಮರುಬಳಕೆಯ ರೆಕ್ಕೆವಾಹನ ಪುಷ್ಪಕ್ ಅಲ್ಲಿ ಮೂರನೆಯ ಸಲ ಇಳಿಯಿತು. ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಚಿನೂಕ್ ಹೆಲಿಕಾಪ್ಟರ್ ಅದನ್ನು ಕೈಬಿಟ್ಟಿತು. ತಾನೇ ದಾರಿ ಹುಡುಕಿಕೊಂಡು ಬಂದು ರನ್‌ವೇ ಮುಟ್ಟಿದಾಗ ಅದರ ವೇಗ ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು. ಪ್ರಯಾಣಿಕರ ವಿಮಾನ ಇಳಿಯುವುದು 260ರ ಸುಮಾರಿಗೆ. ಇಳಿಯುವ ಕ್ಷಣದ ತನಕ ತಿರುಗದೆ ನಿಂತಿದ್ದ ಗಾಲಿ ನೆಲ ಮುಟ್ಟಿದೊಡನೆ ಅಷ್ಟು ವೇಗಕ್ಕೆ ಏರಬೇಕು. ಮೊದಲು ಪ್ಯಾರಾಚೂಟ್ ಬಿಚ್ಚಿ ವೇಗವನ್ನು ನೂರರ ಹತ್ತಿರಕ್ಕೆ ಇಳಿಸಿ, ಆಮೇಲೆಯೇ ಗಾಲಿಯ ಬ್ರೇಕು ಹಾಕಿದರು. ನಮ್ಮ ಊರಿನ ಉಬ್ಬುಗಳ ಮುಂದೆ ಬ್ರೇಕು ಹಾಕುವವರು ಇದನ್ನು ಸ್ವಲ್ಪ ಯೋಚಿಸಬೇಕು. ವಿಮಾನದ ಟೈರಿನ ಆಯಸ್ಸನ್ನು ಕಿಲೋಮೀಟರಿನಲ್ಲಿ ಅಳೆಯುವುದಿಲ್ಲ, ಇಳಿತಗಳಲ್ಲಿ ಎಣಿಸುತ್ತಾರೆ. ಕೆಲವು ನೂರು ಇಳಿತವಾದ ಮೇಲೆ ಬಿಚ್ಚಿ, ಹೊಸ ಮೇಲ್ಪದರ ಹಾಕಿ, ಮತ್ತೆ ಏರಿಸುತ್ತಾರೆ, ಒಂದಲ್ಲ ಹಲವು ಸಲ. ಲಾರಿಯವರು ರೀಸೋಲ್ ಮಾಡಿಸುವುದನ್ನು ಹಗುರವಾಗಿ ಕಾಣುವವರು ತಾವು ಏರಿದ ವಿಮಾನ ಎಂಥ ಟೈರಿನ ಮೇಲೆ ಇಳಿಯಿತೆಂದು ತಿಳಿದರೆ ಮಾತು ನಿಲ್ಲಿಸಿಯಾರು.

ಆದರೆ ರೀಸೋಲ್ ಬೇರೆ, ಬೋಳು ಟೈರಿನಲ್ಲಿ ಹೆದ್ದಾರಿಗಿಳಿಯುವುದು ಬೇರೆ. ಉಳಿತಾಯ ನಮ್ಮ ಸೀಮೆಯ ದೊಡ್ಡ ಗುಣ, ಅದನ್ನು ನಾನು ಅಲ್ಲಗಳೆಯುವವನಲ್ಲ. ಟೈರಿನಲ್ಲಿ ತೋಡುಗಳಿರುವುದು ನೀರನ್ನು ಹೊರದಬ್ಬಲು, ಮಳೆಯೇ ಬರದ ಊರಿನಲ್ಲಿ ಅವು ಯಾಕೆ ಬೇಕು ಎಂದು ಭಾವನವರು ಒಮ್ಮೆ ವಾದ ಹೂಡಿದರು. ವಾದ ಗಟ್ಟಿಯಾಗಿತ್ತು. ವರ್ಷಕ್ಕೆ ಎರಡು ಮೂರು ಸಲ ಸುರಿಯುವ ಮಳೆ ಮಾತ್ರ ಹೇಳಿ ಕೇಳಿ ಬರುವುದಿಲ್ಲ. ಬಂದಾಗ ತಿಂಗಳುಗಟ್ಟಲೆಯ ಧೂಳು ಎಣ್ಣೆಯನ್ನೆಲ್ಲ ಒಂದೇ ಸಲ ಕಲಸಿ ರಸ್ತೆಯನ್ನು ಜಾರುಬಂಡೆ ಮಾಡುತ್ತದೆ. ಮಳೆ ಕಡಿಮೆ ಇರುವ ಊರಿನಲ್ಲೇ ಬಟನ್ ಹೆಚ್ಚು ಬೇಕು ಎಂಬುದು ನನ್ನ ಅಭಿಪ್ರಾಯ.

ಅಂತೂ ಅಕ್ಕ ಹಟ ಹಿಡಿದ ಮೇಲೆ ನಾಲ್ಕೂ ಹೊಸ ಟೈರು ಹಾಕಿಸಿದ್ದಾಯಿತು. ಹಳೆಯದಕ್ಕೆ ಅಂಗಡಿಯವರು ಹೇಳಿದ ಬೆಲೆ ಕೇಳಿ ಭಾವನವರಿಗೆ ಅವಮಾನವಾಯಿತು. ಎರಡನ್ನು ಡಿಕ್ಕಿಗೆ, ಎರಡನ್ನು ಹಿಂದಿನ ಸೀಟಿಗೆ ತುಂಬಿಸಿಕೊಂಡು ಮೊಳಕಾಲ್ಮೂರಿಗೆ ಹೊರಟರು. ಹಳ್ಳಿಯ ಕಣ್ಣಿನಲ್ಲಿ ನೋಡಿದರೆ ಅವರು ಮಾಡಿದ್ದು ಸರಿಯೇ. ಕಾರಿನಿಂದ ಇಳಿದ ಟೈರಿಗೆ ನಮ್ಮಲ್ಲಿ ಇನ್ನೂ ಒಂದು ತಲೆಮಾರು ಬದುಕಿದೆ. ಎತ್ತಿನ ಗಾಡಿಗೆ ಏರುತ್ತದೆ. ಕೊಯ್ದರೆ ಗೊಬ್ಬರ ಹೊರುವ ರಬ್ಬರ್ ಪುಟ್ಟಿಯಾಗುತ್ತದೆ, ಕಲ್ಲುಮುಳ್ಳಿಗೆ ಜಗ್ಗದ ಚಪ್ಪಲಿಯಾಗುತ್ತದೆ. ತಗಡಿನ ಮಾಡು ಹಾರದ ಹಾಗೆ ಮೇಲೆ ಕೂರುತ್ತದೆ. ಹುಡುಗರ ಕೈಯಲ್ಲೊಂದು ಕೋಲಿದ್ದರೆ ಮತ್ತೆ ಊರೆಲ್ಲ ಓಡುತ್ತದೆ, ಪೆಟ್ರೋಲಿಲ್ಲದೆ. ಹಳೆಯ ಟೈರುಗಳ ಹೊಣೆಯನ್ನು ಮಾಡಿದವರೇ ಹೊರಬೇಕೆಂದು 2022ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು. ನಮ್ಮ ಅಜ್ಜಂದಿರು ಯಾರ ಹೊಣೆ ಎಂದು ಕೇಳುವ ಗೋಜಿಗೇ ಹೋಗದೆ ಕೊನೆಯ ತುಂಡಿನ ತನಕ ತೀರಿಸಿಬಿಡುತ್ತಿದ್ದರು.

ನಾಲ್ಕರಲ್ಲಿ ಒಂದು ಗಾಡಿಗೆ ಬೇಕೆಂದು ಪಕ್ಕದ ಹೊಲದವರು ಒಯ್ದರು. ಉಳಿದ ಮೂರು ಹಿತ್ತಲಿನಲ್ಲಿ ಬಿದ್ದಿದ್ದವು. ಅಪರೂಪಕ್ಕೆ ಒಂದು ಮಳೆಯಾಯಿತು. ಅದರ ಮಾರನೆಯ ವಾರ ಡೆಂಗಿ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆ ಟಾರ್ಚು ಹಾಕಿ ನೋಡಿ, ಟೈರಿನೊಳಗೆ ನಿಂತ ನೀರಿನಲ್ಲಿ ಓಲಾಡುತ್ತಿದ್ದ ಮರಿಹುಳಗಳನ್ನು ತೋರಿಸಿದಳು. ‘ನೀರು ಚೆಲ್ಲಿ, ಒಳಗೆ ಇಟ್ಕೊಳ್ಳಿ. ಹೊರಗೇ ಇರ್ಬೇಕು ಅಂದ್ರೆ ತೂತು ಹಾಕಿಸ್ಬಿಡಿ ಯಜಮಾನ್ರೇ, ನೀರು ನಿಲ್ಲಬಾರ್ದು’ ಎಂದಳು. ಜೀವಮಾನವೆಲ್ಲ ಟೈರಿಗೆ ತೂತಾಗದಿರಲಿ ಎಂದು ನಿಂಬೆಹಣ್ಣು ಇಟ್ಟವರು ಭಾವನವರು. ಒಂದು ಗಳಿಗೆ ಸುಮ್ಮನಿದ್ದು, ಮಗ್ಗದ ಮನೆಯಿಂದ ಡ್ರಿಲ್ಲು ತಂದು, ಬಟನ್ ಇದ್ದ ಕಡೆಯೇ ಒತ್ತಿದರು. ರಬ್ಬರು ಸುಟ್ಟ ವಾಸನೆ ಬಂತು. ಒಳಗಿನ ಉಕ್ಕಿನ ಪಟ್ಟಿಗೆ ತಗುಲಿ ಡ್ರಿಲ್ಲಿನ ಬಿಟ್ಟು ಲಟಕ್ಕನೆ ಮುರಿಯಿತು. ‘ಮಗ್ಗುಲಿಗೆ ಹಾಕಿ ಭಾವ, ಅಲ್ಲಿ ಬರೀ ಪಾಲಿಯೆಸ್ಟರ್ ಇರೋದು’ ಎಂದೆ. ‘ಜಾಲಿಮುಳ್ಳಿಗೆ ಇದನ್ನೆಲ್ಲ ಯಾರು ಹೇಳ್ಕೊಟ್ಟಿದ್ರೋ?’ ಎನ್ನುತ್ತ ಅವರು ಇನ್ನೊಂದು ಬಿಟ್ಟು ತರಲು ರಾಯದುರ್ಗ ರಸ್ತೆಯ ಹಾರ್ಡ್‌ವೇರ್ ಅಂಗಡಿಗೆ ಹೊರಟರು, ಹೊಸ ಟೈರುಗಳಿಗೆ ಒಂದೊಂದು ಒದೆ ಕೊಟ್ಟು.